ದೊಡ್ಡೇರಿಯ ಟ್ರ್ಯಾಕ್ಟರು ಬಲ ಕಳೆದುಕೊಂಡದ್ದು

ದೊಡ್ಡೇರಿ ಕಡೆಯ ಟ್ರ್ಯಾಕ್ಟರೊಂದು ಊರ ಮುಂದಿನ ದಿಬ್ಬ ಹತ್ತಲು ನಿರಾಕರಿಸಿದೆ ಎಂಬ ವಾರ್ತೆ ಬೆಳಗಿನ ಮೊದಲ ಬಸ್ಸಿನಲ್ಲೇ ಮಧುಗಿರಿ ತಲುಪಿತು. ಬಸ್ ಸ್ಟ್ಯಾಂಡಿನಿಂದ ನಮ್ಮ ವರ್ಕ್‌ಶಾಪಿಗೆ ಬರುವಷ್ಟರಲ್ಲಿ ಆ ವಾರ್ತೆಯಲ್ಲಿ ಇಂಜಿನ್ನು ಸಿಡಿದು ಇಬ್ಬರಿಗೆ ಗಾಯವೂ ಆಗಿತ್ತು. ಅದು ಎಂಬತ್ತರ ದಶಕದ ಆರಂಭ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕಿಗೂ ಹೋಗಿಬರುವ ಮೆಕ್ಯಾನಿಕ್ಕು ನಾನು. ಇಂಥದ್ದು ವಾರಕ್ಕೊಂದು ಇದ್ದೇ ಇರುತ್ತಿತ್ತು. ದೊಡ್ಡೇರಿಯದ್ದು ಮಾತ್ರ ಒಂದೇ ಮುಂಗಾರಿನಲ್ಲಿ ಮೂರು ಸಲ ನಡೆಯಿತು.

ಮೂಗು

ಟ್ರ್ಯಾಕ್ಟರಿನ ಯಜಮಾನ ತಾಯಿಯ ಮಾತು ಮೀರಿ ಎತ್ತು ಮಾರಿ ಅದನ್ನು ತಂದಿದ್ದ. ಆ ತಾಯಿ, ಊರಿಗೆಲ್ಲ ಅಜ್ಜಿ, ನನ್ನೆದುರಿಗೇ ತೀರ್ಪು ಕೊಟ್ಟರು: "ಈ ಸಲದ ಕಡ್ಲೆಕಾಯಿ ಬಿತ್ತನೆ ಇದ್ರಲ್ಲಾದ್ರೆ ಇದ್ಕೊಳ್ಳಲಿ. ಇಲ್ದಿದ್ರೆ ಇದ್ನ ಮಾರ್ಬುಟ್ಟು ಜೋಡೆತ್ತು ತರ್ಬೇಕು."

ಇಂಜಿನ್ನು ಕರಿಹೊಗೆ ಉಗುಳುತ್ತ ಏದುಸಿರು ಬಿಡುತ್ತಿತ್ತು. ನೋಡಿದರೆ, ಗಾಳಿ ಎಳೆಯುವ ಕೊಳವೆಯ ಬಾಯಿಗೆ ಹಳೇ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಬಿಗಿದಿದ್ದರು.

"ಧೂಳು ಮೂಗಿಗೋಗ್ಬಾರ್ದು ಅಂತ ನಾನೇ ಕಟ್ಟಿದ್ದು ಕಣಪ್ಪ," ಎಂದರು ಅಜ್ಜಿ.

"ಉಸಿರು ಕಟ್ಟುತ್ತೆ ಅಜ್ಜಿ."

"ಎತ್ತಿನ ಮೂತಿಗೆ ಕುಕ್ಕೆ ಹಾಕಲ್ವಾ? ಒಂದಾದ್ರೂ ಉಸಿರು ಕಟ್ಟಿ ಸತ್ತಿದ್ದು ಕಂಡಿದ್ಯಾ?"

ನಾನು ಕಂಡಿರಲಿಲ್ಲ. ಕೊಳವೆಗೆ ಕಟ್ಟಿದ್ದ ಸೀರೆ ತುಂಡನ್ನು ಬಿಚ್ಚಿ ಅಜ್ಜಿಯ ಕೈಗೆ ಕೊಟ್ಟು ಬಸ್ಸು ಹತ್ತಿದೆ.

ಎಣ್ಣೆ

ಹದಿನೈದು ದಿನಕ್ಕೆ ಮತ್ತೆ ಕರೆ ಬಂತು. ಈಗ ದಿಬ್ಬ ಹತ್ತುತ್ತಿತ್ತು, ನೇಗಿಲನ್ನು ಎತ್ತುತ್ತಿರಲಿಲ್ಲ.

"ಬೆಳಿಗ್ಗೆ ಚೆನ್ನಾಗೇ ಎತ್ತುತ್ತೆ ಮೇಸ್ತ್ರಿ. ಬಿಸಿಲೇರಿದಂಗೆ ಕೆಳಗೆ ಇಟ್ಬುಡುತ್ತೆ," ಎಂದ ಯಜಮಾನ. ಅದು ಆಳಿನ ವಿಷಯದಲ್ಲೂ ನಿಜವಾದ್ದರಿಂದ ಅವನಿಗೆ ಹೆಚ್ಚು ಆಶ್ಚರ್ಯವಾದಂತಿರಲಿಲ್ಲ.

ನೇಗಿಲನ್ನೆತ್ತುವ ಲಿಫ್ಟಿನ ಎಣ್ಣೆಯ ಮುಚ್ಚಳ ತಿರುಗಿಸಿದೆ. ಬೋಂಡದಂಗಡಿಯ ವಾಸನೆ ಬಂತು.

"ಇದಕ್ಕೇನು ಹಾಕಿದ್ರಿ?"

"ಪೇಟೆ ಎಣ್ಣೆಯೆಲ್ಲ ಕಲಬೆರಕೆ ಮೇಸ್ತ್ರಿ. ಇದು ನಮ್ಮ ಹೊಲದ ಕಾಯಿ. ಗಾಣದಲ್ಲಿ ಎದುರಿಗೇ ನಿಂತು ಆಡಿಸ್ಕಂಬಂದಿದ್ದು."

ಕಡಲೆಕಾಯಿ ಎಣ್ಣೆ ಕಾದರೆ ನೀರಾಗಿ ನೇಗಿಲಿನ ಭಾರ ಹೊರಲಾರದು ಎಂದು ವಿವರಿಸಿ, ಪೂರ್ತಿ ಬಸಿದು, ಸರಿಯಾದ ಎಣ್ಣೆ ತುಂಬಿದೆ. ಬಸಿದದ್ದನ್ನು ಅಜ್ಜಿ ಬೋಸಿಯಲ್ಲಿ ಹಿಡಿದು ಒಳಗೆ ಒಯ್ದರು. ಮಧ್ಯಾಹ್ನದ ಊಟಕ್ಕೆ ಹಪ್ಪಳ ಕರಿದಿದ್ದರು. ನನಗೆ ಹಸಿವಿಲ್ಲ ಎಂದೆ.

ಕಾಲು

ಒಳ್ಳೆ ಮಳೆ ಬಿದ್ದು ಹೊಲ ಹದವಾಯಿತು. ಹದ ಆರಲು ನಾಲ್ಕು ದಿನ ಸಾಕು. ಆಗಲೇ ಟ್ರ್ಯಾಕ್ಟರು ನಿಂತಿತು. ಇಂಜಿನ್ನು ಆರ್ಭಟಿಸುತ್ತಿತ್ತು, ಗಾಲಿ ಮಾತ್ರ ಕದಲದು. ಸುಟ್ಟ ವಾಸನೆ. ಕ್ಲಚ್ ಪ್ಲೇಟು ಸವೆದುಹೋಗಿತ್ತು. ಅಜ್ಜಿ ಎತ್ತು ನೋಡಿಬರಲು ಪಾವಗಡಕ್ಕೆ ಆಗಲೇ ಜನ ಕಳಿಸಿದ್ದರು.

ಸಿರಾದಿಂದ ಹೊಸ ಪ್ಲೇಟು ತಂದು, ಟ್ರ್ಯಾಕ್ಟರನ್ನು ನಡುವಿಗೆ ಬಿಚ್ಚಿ ಎರಡು ಮಾಡಿ, ಪ್ಲೇಟು ಕೂರಿಸಿ, ಮತ್ತೆ ಜೋಡಿಸಿ, ಮರುದಿನ ಹೊಲಕ್ಕಿಳಿಸಿ ನಾನೂ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತೆ. ಕಾರಣ ಆಗ ಕಂಡಿತು. ಮೊದಲು ಎತ್ತಿನ ಗಾಡಿ ಹೊಡೆಯುತ್ತಿದ್ದ ಡ್ರೈವರು ಎಡಗಾಲನ್ನು ಕ್ಲಚ್ಚಿನ ಮೇಲಿಂದ ತೆಗೆಯುತ್ತಲೇ ಇರಲಿಲ್ಲ; ಪ್ಲೇಟು ಅರ್ಧ ಹಿಡಿದು ಅರ್ಧ ಜಾರಿ, ಉಜ್ಜಿ ಉಜ್ಜಿ ಸುಡುತ್ತಿತ್ತು.

"ಕಾಲು ತೆಗಿಯಪ್ಪ!"

"ತಗುದ್ರೆ ಓಡೋಗ್ಬುಟ್ರೆ? ಹಗ್ಗ ಬುಟ್ಟು ಯಾವನಾದ್ರೂ ಉಳ್ತಾನಾ ಮೇಸ್ತ್ರಿ?"

ಹೇಳಿದಾಗ ತೆಗೆಯುತ್ತಿದ್ದ. ಹತ್ತು ಮಾರು ಹೋಗುವಷ್ಟರಲ್ಲಿ ಕಾಲು ತಾನಾಗಿ ಹಿಂದಿರುಗುತ್ತಿತ್ತು. ಬದುವಿನ ಮೇಲೆ ನಿಂತು ನೋಡುತ್ತಿದ್ದ ಅಜ್ಜಿ, "ಇಳಿಯಪ್ಪ ನೀನು," ಎಂದು ನನ್ನನ್ನು ಇಳಿಸಿ, ಕೈಯಲ್ಲೊಂದು ಹುಣಸೆ ಬರಲು, ಎಲೆ ಸವರಿದ ಸಣ್ಣ ಕೋಲು, ಹಿಡಿದು ನನ್ನ ಜಾಗದಲ್ಲಿ ಕೂತರು. ಎಡಗಾಲು ಕ್ಲಚ್ಚಿನ ಕಡೆ ಹೊರಟಾಗಲೆಲ್ಲ ಮೊಣಕಾಲಿಗೆ ಒಂದು ಬೀಳುತ್ತಿತ್ತು. "ತಗೀಲೇ!"

"ಅಯ್ಯಯ್ಯೋ, ತಗುದೆ ಕಣಮ್ಮ!"

ಟ್ರ್ಯಾಕ್ಟರು ಭರ್ರೆಂದು ಎಳೆಯಿತು.

ಪಕ್ಕದ ಹೊಲದವನು ಇದನ್ನೆಲ್ಲ ನೋಡುತ್ತ ನಿಂತಿದ್ದ. ದೂರದಿಂದ ಅವನಿಗೆ ಕಂಡದ್ದು ಅಜ್ಜಿಯ ಬರಲು ಮತ್ತು ಮುನ್ನುಗ್ಗುವ ಟ್ರ್ಯಾಕ್ಟರು, ಎರಡೇ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಮೇಸ್ತ್ರಿ, ಹೊಡೀದೆ ನಡೆಯೋ ಜಾತಿ ಟ್ರ್ಯಾಕ್ಟರು ಯಾವುದೂ ಬಂದಿಲ್ವಾ?"

ಬಿತ್ತನೆ ಮೂರನೆಯ ದಿನಕ್ಕೆ ಮುಗಿಯಿತು. ಎತ್ತು ಕೊಳ್ಳಲಿಲ್ಲ. ಡ್ರೈವರು ಒಂದು ವಾರ ಕುಂಟಿದ.