ಅದೇ ಕೆಂಪು

ಆ ದಿನ ಮೂರು ಗಜ ಕೆಂಪು ಬಟ್ಟೆ ಸಿಕ್ಕಿದ್ದರೆ ದರ್ಜಿಯದು ನಾಯಿಪಾಡಾಗುತ್ತಿರಲಿಲ್ಲ.

ರಾಜನನ್ನು ಓಡಿಸಿ ಮೂರು ದಿನವಾಗಿತ್ತು. ಬೆಳಿಗ್ಗೆ ಎಂಟಕ್ಕೇ ಹೊಸ ಸರ್ಕಾರದ ಅಧಿಕಾರಿ ದರ್ಜಿಯ ಅಂಗಡಿಗೆ ಬಂದು ಹೊಸ ಬಾವುಟದ ನಕ್ಷೆ ಹರಡಿದ. "ಮೇಲೆ ಹಳದಿ, ಅದು ಬೆಳಗು. ನಡುವೆ ಬಿಳಿ, ನ್ಯಾಯ. ಕೆಳಗೆ ಕೆಂಪು, ಸತ್ತವರ ರಕ್ತ. ಸಂಜೆ ಐದಕ್ಕೆ ಜೈಲಿನ ಮುಂದೆ ಹಾರಬೇಕು. ಹಾರಿದ ತಕ್ಷಣ ಕೈದಿಗಳೆಲ್ಲ ಬಿಡುಗಡೆ."

"ಹಾರದಿದ್ದರೆ, ಸ್ವಾಮಿ?"

"ಬಾವುಟಾನೇ ಇಲ್ಲದೆ ಯಾರ ಹೆಸರಲ್ಲಿ ಬಿಡೋದಯ್ಯ?"

ರಾಜನ ಮೀಸೆಯನ್ನು ಅಣಕಿಸಿದ ತಪ್ಪಿಗೆ ದರ್ಜಿಯ ತಮ್ಮ ನಾಲ್ಕು ವರ್ಷದಿಂದ ಆ ಜೈಲಿನಲ್ಲಿ ಕೆಮ್ಮುತ್ತ ಬಿದ್ದಿದ್ದ. ಇನ್ನೊಂದು ಚಳಿಗಾಲ ತಡೆಯುವ ಜೀವವಲ್ಲ ಅದು. ದರ್ಜಿ ಊಟ ಬಿಟ್ಟು ಹೊಲಿಯಲು ಕೂತ. ಹಳದಿ ಸಿಕ್ಕಿತು, ಬಿಳಿ ಸಿಕ್ಕಿತು. ಕೆಂಪನ್ನು ಮಾತ್ರ ಊರವರೆಲ್ಲ ತೋಳಿಗೆ ಪಟ್ಟಿ ಕಟ್ಟಿಕೊಳ್ಳಲು ಕೊಂಡು ಮುಗಿಸಿದ್ದರು. ಹೆಂಡತಿಯ ಹಳೆಯ ಲಂಗವನ್ನು ಬಣ್ಣದಲ್ಲಿ ಅದ್ದಿ ಒಣಗಿಸಿದರೆ ಅದು ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

"ರಕ್ತಾನೇ, ಆದ್ರೆ ಸತ್ತು ವಾರ ಆದವರದ್ದು" ಎಂದಳು ಅವಳು.

ಕರೆಯದೆ ಬರುವ ಪಕ್ಕದಂಗಡಿಯ ಕ್ಷೌರಿಕ ಆಗ ಬಂದ. "ನಿನ್ನ ಪೆಟ್ಟಿಗೇಲಿ ರಾಜನ ಹಳೇ ಬಾವುಟ ಇದೆಯಲ್ಲ, ಮುಕ್ಕಾಲು ಪಾಲು ಕೆಂಪೇ. ಕತ್ತರಿಸು."

"ಅದು ರಾಜನ ಶೌರ್ಯದ ಕೆಂಪು ಕಣೋ."

"ಬಟ್ಟೆಗೇನು ಗೊತ್ತು?"

ದರ್ಜಿ ಕತ್ತರಿಸಿದ. ಹೊಲಿಗೆ ನೆಟ್ಟಗೆ ಬಂತು.

ಐದಕ್ಕೆ ಸರಿಯಾಗಿ ಬಾವುಟ ಏರಿತು. ಗೇಟಿನಿಂದ ತಮ್ಮ ಹೊರಬಂದ. ಎಷ್ಟು ಸೊರಗಿದ್ದನೆಂದರೆ ಅವನನ್ನು ತಬ್ಬಿಕೊಳ್ಳಲು ದರ್ಜಿಗೆ ಭಯವಾಯಿತು. ಅತ್ತ ಕ್ಷೌರಿಕ ಅಧಿಕಾರಿಯ ಮುಂದೆ ಜಂಬ ಕೊಚ್ಚುತ್ತಿದ್ದ. "ಉಪಾಯ ನಂದೇ ಸ್ವಾಮಿ. ಆ ಕೆಂಪು ರಾಜನ ಬಾವುಟದ್ದು."

ಅಧಿಕಾರಿ ಬಂದು ದರ್ಜಿಯ ತೋಳು ಹಿಡಿದ. "ಬಾವುಟ ಕತ್ತರಿಸಿದರೆ ಏಳು ವರ್ಷ. ಗೊತ್ತಿಲ್ವಾ?"

"ಅದು ರಾಜನ ಕಾನೂನಲ್ವಾ ಸ್ವಾಮಿ?"

"ಬಾವುಟ ಬದಲಾಗಿದೆ. ಕಾನೂನು ಇನ್ನೂ ಬದಲಾಗಿಲ್ಲ."

"ಕೈದಿಗಳೆಲ್ಲ ಬಿಡುಗಡೆ ಅಂದಿದ್ರಿ."

"ಐದು ಗಂಟೆಗೆ ಒಳಗಿದ್ದವರು. ಈಗ ಐದೂಕಾಲು."

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ತಮ್ಮ ಹೊರಗೆ, ಅಣ್ಣ ಒಳಗೆ. ಗೇಟು ಮುಚ್ಚಿದ ಮೇಲೂ ಆಚೆಯಿಂದ ಕೆಮ್ಮು ಕೇಳಿಸುತ್ತಿತ್ತು.

ಜೈಲರ್ ಅವನನ್ನು ಒಂದು ಕೋಣೆಗೆ ಕರೆದೊಯ್ದ. ಅಲ್ಲಿ ಹೊಲಿಗೆ ಯಂತ್ರವಿತ್ತು. ಪಕ್ಕದಲ್ಲಿ ರಾಜನ ಬಾವುಟಗಳು ಆಳೆತ್ತರ ರಾಶಿ ಬಿದ್ದಿದ್ದವು.

"ಎಲ್ಲಾ ಕಚೇರಿಗೂ ಹೊಸದು ಬೇಕಂತೆ. ಕತ್ತರಿಸು" ಎಂದು ಜೈಲರ್ ಕತ್ತರಿ ಚಾಚಿದ.

ದರ್ಜಿ ಕೈ ಹಿಂದಕ್ಕೆ ಎಳೆದುಕೊಂಡ. "ಒಂದಕ್ಕೆ ಏಳು ವರ್ಷ ಸ್ವಾಮಿ."

"ಅದು ಹೊರಗೆ. ಇಲ್ಲಿ ಕತ್ತರಿಸದೇ ಇದ್ದರೆ ಏಳು ವರ್ಷ."