ವೀಕ್ಷಣಾ ಮಂದಿರ ಸಂಖ್ಯೆ ಒಂಬತ್ತು

ಜನವರಿ ಹದಿನೇಳು, ಶುಕ್ರವಾರ, ಸಂಜೆ ಎಂಟು ಗಂಟೆಗೆ ‘ಎರಡು ಬಾಗಿಲ ಮನೆ’ ಧಾರಾವಾಹಿ ಮುಗಿಯಿತು. ಮರುದಿನ ಅದನ್ನು ಎಸ್ಟೇಟಿನ ದಿನಚರಿಯಲ್ಲಿ ದಾಖಲಿಸಿದೆ. ಧಾರಾವಾಹಿಗೆ ಬೇರೆ ಕಾಲಂ ಇಲ್ಲ. ಮಳೆಯ ಕಾಲಂನಲ್ಲಿ ಬರೆದೆ: ‘ಮಳೆ ಇಲ್ಲ. ಧಾರಾವಾಹಿ ಮುಗಿದಿದೆ.’

ನಾನು ಹುದಿಕೇರಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹಾಜರಿ ಹಾಕುವುದು, ತೂಕ ಬರೆಯುವುದು, ಹೆಡ್ ಆಫೀಸಿಗೆ ಪತ್ರ ಕಳಿಸುವುದು ನನ್ನ ಕೆಲಸ. ಅಭಿಪ್ರಾಯ ಹೇಳುವುದು ನನ್ನ ಕೆಲಸವಲ್ಲ. ನಡೆದದ್ದನ್ನು ಹೇಳುತ್ತೇನೆ.

ಆ ಧಾರಾವಾಹಿ ಒಂಬತ್ತು ವರ್ಷ ನಡೆಯಿತು. ಅದರ ನಾಯಕಿ ಕೌಮುದಿ ಮೂರು ಬಾರಿ ಸತ್ತು ನಾಲ್ಕು ಬಾರಿ ವಾಪಸ್ ಬಂದಳು. ನಮ್ಮ ಕೂಲಿ ಲೈನಿನ ಇಪ್ಪತ್ತನಾಲ್ಕು ಮನೆಗಳಲ್ಲಿ ಇಪ್ಪತ್ತನಾಲ್ಕು ಸಣ್ಣ ಟಿವಿಗಳಿವೆ. ಎಲ್ಲದರಲ್ಲೂ ಅದೇ. ಬೆಳಿಗ್ಗೆ ಹಣ್ಣು ಕೊಯ್ಯುವ ಪಿಕಿಂಗಿನಲ್ಲಿ ಗಿಡಗಳ ಒಂದು ಸಾಲಿಗೆ ಇಬ್ಬರು ಹೆಂಗಸರು ನಿಲ್ಲುತ್ತಾರೆ. ಹಿಂದಿನ ಸಂಜೆಯ ಕಂತನ್ನು ಹೇಳಿ ಮುಗಿಸುವಾಗ ಹನ್ನೊಂದು ಗಂಟೆ. ಇವತ್ತಿನ ಕಂತಿನಲ್ಲಿ ಏನಾಗಬಹುದೆಂದು ಮಾತಾಡಿ ಮುಗಿಸುವಾಗ ನಾಲ್ಕು ಗಂಟೆ. ಆಮೇಲೆ ತೂಕ. ಮಾತಿನಿಂದ ಕೆಲಸ ಕೆಡುತ್ತದೆಯೇ ಎಂದು ಹೆಡ್ ಆಫೀಸು ಒಮ್ಮೆ ಅಧ್ಯಯನ ಮಾಡಿಸಿತ್ತು. ಬಾಯಿ ಮತ್ತು ಕೈ ಬೇರೆ ಬೇರೆ ವಿಭಾಗಕ್ಕೆ ಸೇರಿವೆ, ಆತಂಕ ಬೇಡ ಎಂದು ವರದಿ ಬಂದಿತ್ತು.

ಧಾರಾವಾಹಿ ಮುಗಿದ ಮೇಲೆ ಸೋಮವಾರ ಯಾರೂ ಮಾತಾಡಲಿಲ್ಲ. ಮಂಗಳವಾರ ಒಬ್ಬರ ಬಗ್ಗೆ ಒಬ್ಬರು ಮಾತಾಡಿದರು. ಎರಡು ಜಗಳ ನಡೆಯಿತು. ಬುಧವಾರ ಬೇರೆ ವಿಷಯ ಸಿಗದೆ ಮನೆಯ ಛಾವಣಿಯ ಬಗ್ಗೆ ಮಾತಾಡಿದರು.

ಗಂಗಮ್ಮ ಒಂಬತ್ತನೇ ನಂಬರ್ ಮನೆಯವಳು. ಮುದ್ದಿ ಹತ್ತನೇ ನಂಬರ್. ಇಬ್ಬರದೂ ಒಂದೇ ಸಾಲು. ನಾನು ಪಕ್ಕದ ಸಾಲಿನಲ್ಲಿದ್ದೆ.

“ಮಗಳನ್ನ ಮೇ ತಿಂಗಳಲ್ಲಿ ಕರ್ಕೊಂಡು ಬರ್ಬೇಕು,” ಎಂದಳು ಗಂಗಮ್ಮ. “ಜೂನಲ್ಲಿ ಸುಮಿತಾಗೆ ಹೆರಿಗೆ. ಚೊಚ್ಚಲು. ಎಲ್ಲಿ ಮಲಗಿಸ್ಲಿ ಅಂತ.”

“ಮನೇಲಿ.”

“ಮನೇಲಿ ಎಲ್ಲಿ? ಹೋದ ಮಳೇಲಿ ನಾನೂ ನಮ್ಮನೆಯವ್ರೂ ಕೊಡೆ ಹಿಡ್ಕೊಂಡು ಊಟ ಮಾಡಿದ್ದು ನೀನೇ ನೋಡಿದ್ದೀಯ.”

“ನಿಂಗೆ ಕೊಡೆ ಉಂಟಲ್ಲ. ನನ್ನ ಗಂಡ ತಲೆ ಮೇಲೆ ಪಾತ್ರೆ ಇಟ್ಕೊಂಡು ಕೂತಿದ್ದ. ತುಂಬಿದ ಮೇಲೆ ಎದ್ದು ಚೆಲ್ಲಿ ಬಂದ.”

“ಒಂಬತ್ತು ವರ್ಷದಿಂದ ನಾವು ಯಾಕೆ ಕೇಳ್ಲಿಲ್ಲ ಮುದ್ದಿ?”

“ಹೊತ್ತೆಲ್ಲಿತ್ತು ಗಂಗಕ್ಕ? ಕೌಮುದಿಗೆ ಕಿಡ್ನಿ ಸಿಗ್ಲಿಲ್ಲ ಅಂತಾನೇ ಒಂದು ವರ್ಷ ಹೋಯ್ತು.”

ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೆಂಗಸರೆಲ್ಲ ಛಾವಣಿ ಕೇಳಲು ಆಫೀಸಿಗೆ ಬಂದರು. ಮ್ಯಾನೇಜರ್ ಲೋಹಿತ್ ಕುಶಾಲನಗರದವರು, ಇನ್ನೂ ಚಿಕ್ಕ ವಯಸ್ಸು. ಹೊರಗೆ ಬಂದು ವಿಚಾರಿಸಿದರು.

“ಈಗ ಸೋರ್ತಾ ಇದೆಯಾ?”

“ಇಲ್ಲ ಸಾರ್,” ಎಂದಳು ಗಂಗಮ್ಮ.

“ಮತ್ತೆ?”

“ಜೂನ್ ಬರ್ತದಲ್ಲ ಸಾರ್.”

ಲೋಹಿತ್ ಗೋಡೆಯ ಕ್ಯಾಲೆಂಡರ್ ನೋಡಿದರು. ಜೂನ್ ಇತ್ತು.

ಹೆಂಗಸರು ಹೋದ ಮೇಲೆ ನನ್ನನ್ನು ಕೇಳಿದರು: “ಇಷ್ಟು ವರ್ಷ ಇವರು ಯಾಕೆ ಕೇಳಿಲ್ಲ ರೈಟ್ರೇ?”

“ಧಾರಾವಾಹಿ ಇತ್ತು.”

ಅವರು ಕೂಡಲೇ ಹೆಡ್ ಆಫೀಸಿಗೆ ಫೋನ್ ಮಾಡಿದರು.

ಶನಿವಾರ ಸುತ್ತೋಲೆ ಬಂತು. ಛಾವಣಿಯು ಬಂಡವಾಳ ಕಾಮಗಾರಿಯ ಅಡಿಯಲ್ಲಿ ಬರುವುದರಿಂದ ಅದನ್ನು ಆಡಳಿತ ಮಂಡಳಿಯ ಮುಂದಿಡತಕ್ಕದ್ದು. ಮಂಡಳಿ ನವೆಂಬರಿನಲ್ಲಿ ಸೇರುತ್ತದೆ. ಮಳೆಗಾಲದಲ್ಲಿ ಸದಸ್ಯರಿಗೆ ಪ್ರಯಾಣ ಕಷ್ಟ. ಆದರೆ ಧಾರಾವಾಹಿಯು ಕಾರ್ಮಿಕ ಕಲ್ಯಾಣದ ಅಡಿಯಲ್ಲಿ ಬರುತ್ತದೆ. ಅದಕ್ಕೆ ಮಂಡಳಿ ಬೇಕಿಲ್ಲ. ಲೈನಿನಲ್ಲಿ ಉಂಟಾಗಿರುವುದು ಛಾವಣಿಯ ಕೊರತೆಯಲ್ಲ, ಸಂಭಾಷಣೆಯ ಕೊರತೆ. ಆದಕಾರಣ ‘ಪರ್ಯಾಯ ಧಾರಾವಾಹಿ ಆಯ್ಕೆ ಸಮಿತಿ’ಯನ್ನು ಈ ಮೂಲಕ ರಚಿಸಲಾಗಿದೆ. ಅಧ್ಯಕ್ಷರು ಲೋಹಿತ್. ಕಾರ್ಯದರ್ಶಿ ರೈಟರ್. ತಜ್ಞರು, ಹೆಡ್ ಆಫೀಸಿನ ಸಿಬ್ಬಂದಿ ಉಲ್ಲಾಸ ವಿಭಾಗದ ರಶ್ಮಿತಾ.

ಸುತ್ತೋಲೆಯ ಹಿಂಬದಿಯಲ್ಲಿ ಅರ್ಹತಾ ನಿಯಮಗಳಿದ್ದವು. ಧಾರಾವಾಹಿಯು ಕನಿಷ್ಠ ಐದು ವರ್ಷ ಮುಗಿಯುವ ಲಕ್ಷಣ ತೋರಬಾರದು. ಅದರಲ್ಲಿನ ಪಾತ್ರಗಳು ಗುಂಪಾಗಿ ಎಲ್ಲಿಗೂ ಹೋಗಬಾರದು. ಧಾರಾವಾಹಿಯಲ್ಲಿ ಮಳೆ ಬರಬಾರದು. ಬಂದರೂ ಮನೆಯೊಳಗೆ ಬರಬಾರದು.

ರಶ್ಮಿತಾ ಮರುವಾರವೇ ಬಂದರು. ಮಧ್ಯಾಹ್ನದ ಬಿಡುವಿನಲ್ಲಿ ಆಫೀಸಿನ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ಸ್ಯಾಂಪಲ್ ಕಂತು ತೋರಿಸಿದರು. ಮೊದಲನೆಯದು ದೊಡ್ಡ ಮನೆತನದ ಕತೆ. ಹನ್ನೊಂದು ಜನ, ಹದಿನಾಲ್ಕು ಕೋಣೆ.

“ಹೇಗಿತ್ತು ಅಮ್ಮಾ?” ರಶ್ಮಿತಾ ಕೇಳಿದರು.

“ಮನೆ ಚೆನ್ನಾಗಿದೆ,” ಎಂದಳು ಗಂಗಮ್ಮ.

“ಕತೆ?”

“ಕತೆ ಇರ್ಲಿ. ಆ ಛಾವಣಿ ಯಾರು ಹಾಕ್ಸಿ ಕೊಟ್ಟಿದ್ದು?”

ಅನರ್ಹ ಎಂದು ಬರೆದೆ.

ಎರಡನೆಯದು ಹಳ್ಳಿಯ ಕತೆ. ಎಂಟನೇ ನಿಮಿಷದಲ್ಲಿ ನಾಯಕಿ ಊರಿನ ಹೆಂಗಸರನ್ನೆಲ್ಲ ಸೇರಿಸಿ ಒಂದು ಆಫೀಸಿಗೆ ಹೊರಟಳು. ಲೋಹಿತ್ ತಾವೇ ಎದ್ದು ಲ್ಯಾಪ್‌ಟಾಪ್ ಮುಚ್ಚಿದರು. ಮೂರನೆಯದು ದೇವರ ಕತೆ. “ದೇವ್ರುಗಳು ಇರೋದು ಮೋಡದ ಮೇಲೆ,” ಎಂದಳು ಮುದ್ದಿ. “ಮಳೆ ಬೀಳೋದು ಕೆಳಗೆ. ಅವ್ರಿಗೆ ಎಂತ ಗೊತ್ತುಂಟು?” ನಾಲ್ಕನೆಯದು ಕೊಲೆಯ ಕತೆ. ಕೊಂದದ್ದು ಸೋದರಮಾವ ಎಂದು ಮುದ್ದಿಯ ಗಂಡ ಲಿಂಗ ಹತ್ತು ನಿಮಿಷದಲ್ಲಿ ಹೇಳಿದ. ರಶ್ಮಿತಾ ಕೊನೆಯ ಕಂತು ತೆರೆದು ನೋಡಿದರು. ಸೋದರಮಾವನೇ.

ಈ ನಡುವೆ ತೂಕ ಏರತೊಡಗಿತು. ಕೌಮುದಿಯ ಕಾಲಕ್ಕಿಂತ ಹೆಚ್ಚು ಹಣ್ಣು ಬರುತ್ತಿತ್ತು. ಕಾರಣ ತಿಳಿಯಲು ಸಾಲಿನ ಬಳಿ ಹೋಗಿ ನಿಂತೆ.

“ಸಾರ್ ಲ್ಯಾಪ್‌ಟಾಪ್ ಮುಚ್ಚಿದಾಗ ಮೇಡಂ ಮುಖ ನೋಡಿದ್ಯಾ?” ಗಂಗಮ್ಮ ಕೇಳುತ್ತಿದ್ದಳು.

“ನೋಡ್ದೆ. ಇಬ್ರಿಗೂ ಆಗಲ್ಲ.”

“ಆಗಲ್ಲ ಅಂತ ತೋರಿಸ್ಕೊಳ್ತಾರೆ. ಸಂಜೆ ಮೇಡಂಗೆ ಕಾಫಿ ಸಾರೇ ತಂದು ಕೊಟ್ರು.”

“ಸಕ್ಕರೆ ಹಾಕಿದ್ರಾ?”

“ಕೇಳಿ ಹಾಕಿದ್ರು.”

“ಹಾಗಾದ್ರೆ ನಾಳೆ ನೋಡ್ಬೇಕು.”

ಹೆಡ್ ಆಫೀಸಿಗೆ ಬರೆದೆ: ‘ಧಾರಾವಾಹಿ ಆಯ್ಕೆಯಾಗಿಲ್ಲ. ತೂಕ ಹೆಚ್ಚಿದೆ.’ ಹುಡುಕಾಟವನ್ನು ತೀವ್ರಗೊಳಿಸಿ ಎಂದು ಉತ್ತರ ಬಂತು.

ಐದನೇ ಸ್ಯಾಂಪಲ್ ಆದ ಮೇಲೆ, ಬೇಡವಾದದ್ದಕ್ಕೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕೆಂದು ರಶ್ಮಿತಾ ಹೇಳಿದರು. ಮುದ್ದಿ ಯೋಚಿಸಿ, “ಚಿತ್ರ ಸಣ್ಣದು,” ಎಂದಳು. ಬರೆದೆ. ಹತ್ತು ದಿನಕ್ಕೆ ಅರವತ್ತೈದು ಇಂಚಿನ ಟಿವಿ ಬಂತು.

ಹೆಂಗಸರು ಟಿವಿಯ ಸುತ್ತ ನಿಂತು ನೋಡಿದರು. ಗಂಗಮ್ಮ ಮಾತ್ರ ಮುದ್ದಿಯ ಕಡೆ ನೋಡಿದಳು.

ಟಿವಿಯನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ ಬಂತು. ಧಾರಾವಾಹಿ ಏಳೂವರೆಗೆ. ಆಫೀಸಿಗೆ ಐದಕ್ಕೆ ಬೀಗ ಹಾಕಬೇಕೆಂದು ನಿಯಮ. ಇಷ್ಟು ದೊಡ್ಡ ಟಿವಿಗೆ ಬಿರುಕಿಲ್ಲದ ಗೋಡೆ ಬೇಕು. ಲೈನಿನಲ್ಲಿ ಹುಡುಕಿದಾಗ ಅಂಥದ್ದು ಒಂದೇ ಇತ್ತು. ಗಂಗಮ್ಮನ ಮನೆಯದು. ಒಂಬತ್ತನೇ ನಂಬರ್ ಮನೆಯನ್ನು ‘ವೀಕ್ಷಣಾ ಮಂದಿರ’ ಎಂದು ಘೋಷಿಸಿ ಲೋಹಿತ್ ಸಹಿ ಹಾಕಿದರು.

ಟಿವಿ ಹಾಕಲು ಬಂದ ಆನಂದ್ ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಮಾಡಿ ಮೇಲೆ ನೋಡಿದ. ಆಕಾಶ ಕಂಡಿತು.

“ಇಲ್ಲಿ ಹಾಕಕ್ಕಾಗಲ್ಲ ಸಾರ್. ಒಂದು ಹನಿ ಬಿದ್ರೂ ಗ್ಯಾರಂಟಿ ಹೋಗುತ್ತೆ.”

“ಜನ ಇದ್ದಾರಲ್ಲಪ್ಪಾ ಇದರೊಳಗೆ,” ಎಂದರು ಲೋಹಿತ್.

“ಜನಕ್ಕೆ ಗ್ಯಾರಂಟಿ ಇಲ್ಲ ಸಾರ್.”

ಅದೂ ಸರಿ ಎನಿಸಿತು. ಹೆಡ್ ಆಫೀಸಿಗೆ ಬರೆದೆ. ನಾಲ್ಕು ದಿನದಲ್ಲಿ ಸ್ಪಷ್ಟೀಕರಣ ಬಂತು. ಟಿವಿಯ ಮೇಲೆ ಹಾಕುವ ಶೀಟನ್ನು ಛಾವಣಿ ಎಂದು ಪರಿಗಣಿಸತಕ್ಕದ್ದಲ್ಲ. ಅದು ಟಿವಿಯ ಬಿಡಿಭಾಗ. ಕಾರ್ಮಿಕ ಕಲ್ಯಾಣದ ಅಡಿಯಲ್ಲಿ ಮಂಜೂರು ಮಾಡಲಾಗಿದೆ. ಉದ್ದ ಐದು ಅಡಿ, ಅಗಲ ಎರಡು ಅಡಿ.

ಗಂಗಮ್ಮ ಆಫೀಸಿಗೆ ಬಂದಳು. “ಟಿವಿ ನೆನೆಯಲ್ಲ ಸಾರ್, ಸಂತೋಷ. ನೋಡೋರು ನೆಂದ್ರೆ ಎದ್ದು ಹೋಗ್ತಾರಲ್ಲ?”

ಲೋಹಿತ್ ನನ್ನ ಕಡೆ ನೋಡಿದರು. ಟಿವಿಯ ಜೊತೆ ಬಂದಿದ್ದ ಪುಸ್ತಕವನ್ನು ಮೇಜಿನ ಮೇಲೆ ಇಟ್ಟೆ. ಅರವತ್ತೈದು ಇಂಚಿನ ಟಿವಿಯನ್ನು ಕನಿಷ್ಠ ಒಂಬತ್ತು ಅಡಿ ದೂರದಿಂದ ನೋಡಬೇಕು ಎಂದು ಅದರ ಆರನೇ ಪುಟದಲ್ಲಿದೆ. ಮನೆಯ ಉದ್ದ ಹನ್ನೆರಡು ಅಡಿ. ಒಂಬತ್ತು ಅಡಿಗೆ ಶೀಟ್ ಮಂಜೂರಾಯಿತು.

ಉಳಿದ ಮೂರು ಅಡಿ ಅಡುಗೆಯ ಮೂಲೆ. ಅದರ ಬಗ್ಗೆ ಏಪ್ರಿಲ್ ಕೊನೆಯವರೆಗೆ ಪತ್ರ ವ್ಯವಹಾರ ನಡೆಯಿತು. ಅಡುಗೆಗೂ ವೀಕ್ಷಣೆಗೂ ಸಂಬಂಧವೇನು ಎಂದು ಹೆಡ್ ಆಫೀಸು ಕೇಳಿತು. ಜಾಹೀರಾತು ಬಂದಾಗ ವೀಕ್ಷಕರು ಎದ್ದು ಹೋಗಿ ಸಾರು ಕುದಿಯಿತೇ ಎಂದು ನೋಡಿ ಬರುತ್ತಾರೆ ಎಂದು ಬರೆದೆ. ಮೇ ಎರಡರಂದು ಆ ಮೂರು ಅಡಿಯೂ ‘ಜಾಹೀರಾತು ವಿರಾಮ ಪ್ರದೇಶ’ ಎಂಬ ಹೆಸರಿನಲ್ಲಿ ಮಂಜೂರಾಯಿತು. ಮೇ ಒಂಬತ್ತಕ್ಕೆ ಶೀಟ್ ಹಾಕಿದರು. ಹನ್ನೊಂದಕ್ಕೆ ಗಂಗಮ್ಮ ಮಗಳನ್ನು ಕರೆತಂದಳು.

ಈಗ ಹತ್ತನೇ ನಂಬರ್ ಮನೆಯ ಮುದ್ದಿ ಬಂದಳು. ಜೊತೆಗೆ ಉಳಿದ ಇಪ್ಪತ್ತೆರಡು ಮನೆಯವರು.

“ನಿನ್ನೆಯ ಸ್ಯಾಂಪಲ್ ಅರ್ಥ ಆಗ್ಲಿಲ್ಲ ಮೇಡಂ.”

“ಯಾಕೆ? ಸುಲಭವಾಗೇ ಇತ್ತಲ್ಲ?” ಎಂದರು ರಶ್ಮಿತಾ.

“ಗಂಗಕ್ಕನ ಮನೇಲಿ ಐವತ್ತು ಜನ ಕೂತ್ರೆ ಕಾಲು ಚಾಚಕ್ಕೆ ಆಗಲ್ಲ. ಕಾಲು ಮಡಚಿ ಕೂತ್ರೆ ನಂಗೆ ಕತೆ ಹತ್ತೋದಿಲ್ಲ.”

“ನಂಗೂ,” ಎಂದ ಲಿಂಗ.

“ಬಸುರಿ ಹುಡುಗಿ ಬೇರೆ ಮಲಗಿರ್ತಾಳೆ. ಅವಳ ಮುಂದೆ ಕೊಲೆ ಗಿಲೆ ನೋಡೋದು ಸರೀನಾ, ನೀವೇ ಹೇಳಿ.”

ರಶ್ಮಿತಾ ಇದನ್ನು ಗಂಭೀರವಾಗಿ ತೆಗೆದುಕೊಂಡರು. ಇಲ್ಲಿಯವರೆಗೆ ತಿರಸ್ಕೃತವಾದ ಹತ್ತೊಂಬತ್ತು ಧಾರಾವಾಹಿಗಳ ಪೈಕಿ ಕನಿಷ್ಠ ಆರು, ಕಾಲು ಚಾಚಲು ಜಾಗವಿಲ್ಲದ್ದರಿಂದ ತಿರಸ್ಕೃತವಾಗಿರಬಹುದು ಎಂದು ವರದಿ ಬರೆದರು. ಪರಿಹಾರವಾಗಿ ‘ವೀಕ್ಷಣೆಯ ವಿಕೇಂದ್ರೀಕರಣ’ವನ್ನು ಸೂಚಿಸಿದರು. ಅಂದರೆ ಅವರವರ ಮನೆಯಲ್ಲಿ ಅವರವರ ಟಿವಿ ನೋಡುವುದು. ಇದು ಹೊಸ ಕಲ್ಪನೆ ಎಂದು ಹೆಡ್ ಆಫೀಸು ಅವರಿಗೆ ಅಭಿನಂದನಾ ಪತ್ರ ಕಳಿಸಿತು. ಇಪ್ಪತ್ತನಾಲ್ಕು ಮನೆಗಳೂ ವೀಕ್ಷಣಾ ಮಂದಿರಗಳಾದವು. ಶೀಟ್ ಲಾರಿ ಮೇ ಇಪ್ಪತ್ತಾರಕ್ಕೆ ಬಂತು. ಮಳೆ ಮೂವತ್ತಕ್ಕೆ ಬಂತು. ಲೈನಿನಲ್ಲಿ ಯಾರೂ ಕೊಡೆ ಬಿಡಿಸಿಕೊಂಡು ಊಟ ಮಾಡಲಿಲ್ಲ.

ಒಂದು ಸಣ್ಣ ತೊಡಕು ಉಳಿಯಿತು. ಜೂನಿನಲ್ಲಿ ಎಸ್ಟೇಟಿನ ವಾರ್ಷಿಕ ತಖ್ತೆ ತುಂಬಬೇಕು. ಕಾರ್ಮಿಕರ ವಾಸದ ಮನೆಗಳು ಎಷ್ಟು ಎಂಬಲ್ಲಿ ‘ಸೊನ್ನೆ’ ಎಂದು ಬರೆಯಬೇಕಾಯಿತು. ವೀಕ್ಷಣಾ ಮಂದಿರಗಳು ಇಪ್ಪತ್ತನಾಲ್ಕು. ವಾಸಿಸುವವರು ಯಾರೂ ಇಲ್ಲ. ವೀಕ್ಷಕರು ತೊಂಬತ್ತೊಂದು. ತಖ್ತೆ ಸರಿಯಾಗಿದೆ ಎಂದು ಹೆಡ್ ಆಫೀಸು ಮುದ್ರೆ ಹಾಕಿತು. ಗುರುತಿನ ಚೀಟಿಯಲ್ಲೂ ಹಾಗೇ ಆಗಲಿ ಎಂದಿತು. ಈಗ ಎಲ್ಲರ ಕೊರಳಲ್ಲೂ ‘ಖಾಯಂ ವೀಕ್ಷಕರು’ ಎಂಬ ಚೀಟಿ ಇದೆ. ಲಿಂಗ ಅದನ್ನು ಹಾಕಿಕೊಂಡೇ ಸಂತೆಗೆ ಹೋಗುತ್ತಾನೆ.

ಧಾರಾವಾಹಿ ಇನ್ನೂ ಆಯ್ಕೆಯಾಗಿಲ್ಲ. ತೂಕದ ಏರಿಕೆಯನ್ನು ಗಮನಿಸಿ ಸಮಿತಿಯನ್ನು ಖಾಯಂ ಮಾಡಲಾಗಿದೆ. ರಶ್ಮಿತಾ ಅವರಿಗೆ ಎಸ್ಟೇಟಿನಲ್ಲೇ ಕ್ವಾರ್ಟರ್ಸ್ ಕೊಟ್ಟಿದ್ದಾರೆ. ಅದು ಲೋಹಿತ್ ಅವರ ಕ್ವಾರ್ಟರ್ಸಿನ ಎದುರಿಗಿದೆ. ಈ ಬಗ್ಗೆ ಸಾಲುಗಳಲ್ಲಿ ಚರ್ಚೆ ನಡೆಯುತ್ತಿದೆ. ಆಯ್ಕೆಯನ್ನು ಅವಸರದಿಂದ ಮಾಡಬಾರದು ಎಂಬುದು ಎಲ್ಲರ ಅಭಿಪ್ರಾಯ.

ಜೂನ್ ಹದಿನೆಂಟರಂದು ಗೋಣಿಕೊಪ್ಪದ ಆಸ್ಪತ್ರೆಯಲ್ಲಿ ಸುಮಿತಾಗೆ ಹೆಣ್ಣು ಮಗುವಾಯಿತು. ಇಪ್ಪತ್ತೆರಡಕ್ಕೆ ಮನೆಗೆ ಕರೆತಂದರು. ಜೋರು ಮಳೆ. ನಾನು ಹೋಗಿ ನೋಡಿದೆ. ಮಗು ಅರವತ್ತೈದು ಇಂಚಿನ ಟಿವಿಯ ಕೆಳಗೆ ಒಣ ಬಟ್ಟೆಯಲ್ಲಿ ಮಲಗಿತ್ತು. ಬಾಣಂತಿಗೆ ನಿದ್ದೆ ಬೇಕೆಂದು ಟಿವಿ ಆರಿಸಿದ್ದರು. ಗಂಗಮ್ಮ ಜಾಹೀರಾತು ವಿರಾಮ ಪ್ರದೇಶದಲ್ಲಿ ಬಿಸಿನೀರು ಕಾಯಿಸುತ್ತಿದ್ದಳು.

“ಇದನ್ನೂ ಬರೀಬೇಕಾ ರೈಟ್ರೇ?”

“ಬರೀಬೇಕು.”

‘ಮಂದಿರ ಸಂಖ್ಯೆ ಒಂಬತ್ತು. ವೀಕ್ಷಕರು ಒಬ್ಬರು ಹೆಚ್ಚಾಗಿದ್ದಾರೆ’ ಎಂದು ಬರೆದು ಕಳಿಸಿದೆ. ಹೊಸ ವೀಕ್ಷಕರು ಸದ್ಯ ನೋಡುತ್ತಿರುವುದರ ಬಗ್ಗೆ ಅವರ ಪ್ರತಿಕ್ರಿಯೆ ಏನು, ಕೂಡಲೇ ತಿಳಿಸಿ ಎಂದು ಹೆಡ್ ಆಫೀಸಿನಿಂದ ನಮೂನೆ ಬಂತು. ಮತ್ತೆ ಹೋಗಿ ನೋಡಿ ಬಂದು ಭರ್ತಿ ಮಾಡಿದೆ: ‘ಆಗಾಗ ಅಳುತ್ತಾರೆ. ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.’

ಐದು ತಿಂಗಳಲ್ಲಿ ಬಂದ ಮೊದಲ ಅನುಕೂಲಕರ ಪ್ರತಿಕ್ರಿಯೆ ಇದು ಎಂದು ಹೆಡ್ ಆಫೀಸು ಸಂತೋಷ ವ್ಯಕ್ತಪಡಿಸಿದೆ. ಹೊಸ ವೀಕ್ಷಕರಿಗೆ ಅದೇ ಧಾರಾವಾಹಿಯನ್ನು ಮುಂದುವರಿಸುವಂತೆ ಆದೇಶಿಸಿದೆ.

ಮುಂದುವರಿಸಿದ್ದೇವೆ.