ಅತ್ತೆಯ ಮಾತ್ರೆಗೊಂದು ಮೆಸೇಜು

ಬೆಳಿಗ್ಗೆ ಅತ್ತೆ ಎರಡೂ ಮುಂಗೈಗೆ ಬಾಳೆಹಣ್ಣಿನ ಸಿಪ್ಪೆ ಕಟ್ಟಿಕೊಂಡು ಬಂದು ನಿಂತಾಗ ಗ್ರಂಥಪಾಲಕನಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

"ಬಿಪಿಗೆ ಇದೇ ಮದ್ದಂತೆ. ಇನ್ಮೇಲೆ ಮಾತ್ರೆ ಬಂದ್."

"ಯಾರು ಹೇಳಿದ್ದು ಅತ್ತೆ?"

"ಮೊಬೈಲಲ್ಲಿ ಬಂದಿದೆ."

ಬೆಳಿಗ್ಗೆ ಒಂದು, ಸಂಜೆ ಒಂದು, ಒಂದು ಹೊತ್ತೂ ತಪ್ಪಿಸಕೂಡದು ಎಂದು ಡಾಕ್ಟರು ಗದರಿಸಿ ಕಳಿಸಿದ್ದರು. ಇಂಥ ಸುಳ್ಳು ಮೆಸೇಜುಗಳನ್ನು ಪತ್ತೆಹಚ್ಚುವುದು ಹೇಗೆಂದು ವಾರವಾರವೂ ಊರಿಗೆಲ್ಲ ಪಾಠ ಹೇಳುತ್ತಿದ್ದವನೇ ಈ ಗ್ರಂಥಪಾಲಕ. ಆರೋಗ್ಯದ ಪುಸ್ತಕ ತೆರೆದು ತೋರಿಸಿದ. ಅತ್ತೆ ಬಾಡಿದ ಸೊಪ್ಪನ್ನು ನೋಡುವಂತೆ ನೋಡಿ, "ಇದು ಹಳೇದು ಅಳಿಯಂದ್ರೇ. ನಂದು ಈಗ ತಾನೇ ಬಂದಿದ್ದು," ಎಂದರು.

ಬೇರೆ ದಾರಿ ಕಾಣದೆ ಅವನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಯಾರಿಗೂ ಗೊತ್ತಿಲ್ಲದ ಇನ್ನೊಂದು ನಂಬರಿನಿಂದ ಅತ್ತೆಗೆ ಕಳಿಸಿದ: "ವಿದೇಶಿ ವೈದ್ಯರ ಎಚ್ಚರಿಕೆ!! ಬಿಪಿ ಮಾತ್ರೆ ನುಂಗದೆ ಸಿಪ್ಪೆ ಕಟ್ಟಿದರೆ ಉಲ್ಟಾ ಹೊಡೆಯುತ್ತದೆ!! ಕೂಡಲೇ ಹತ್ತು ಜನಕ್ಕೆ ಕಳಿಸಿ!!"

ಅತ್ತೆ ಓದಿದರು, ಬೆಚ್ಚಿದರು, ಮಾತ್ರೆ ನುಂಗಿದರು. ಹತ್ತೇ ಜನಕ್ಕೆ ಯಾಕೆ ಎಂದು ಇಡೀ ಬೀದಿಯ ಗ್ರೂಪಿಗೇ ಕಳಿಸಿದರು.

ಗ್ರಂಥಪಾಲಕ ಸಿಳ್ಳೆ ಹಾಕುತ್ತಾ ಲೈಬ್ರರಿಗೆ ಹೋದ. ಮಧ್ಯಾಹ್ನ ಅವನ ಇಬ್ಬರು ಮೆಚ್ಚಿನ ಶಿಷ್ಯರು, ಟೈಲರಮ್ಮ ಮತ್ತು ನಿವೃತ್ತ ಡ್ರಿಲ್ ಮೇಷ್ಟ್ರು, ಒಳಗೆ ನುಗ್ಗಿದರು.

"ಸಾರ್, ಒಂದು ಕಳ್ಳ ಮೆಸೇಜ್ ಹಿಡಿದ್ವಿ!" ಎಂದರು ಟೈಲರಮ್ಮ. "ವೈದ್ಯರ ಹೆಸರಿಲ್ಲ, ಆಸ್ಪತ್ರೆ ಇಲ್ಲ, ಬರೀ ಹೆದರಿಸೋದು! ನೀವು ಹೇಳ್ಕೊಟ್ಟ ಲಕ್ಷಣ ಒಂದೂ ಬಿಟ್ಟಿಲ್ಲ."

ಗ್ರಂಥಪಾಲಕ ಇಣುಕಿ ನೋಡಿದರೆ, ಬೆಳಿಗ್ಗೆ ಬಚ್ಚಲಿನಿಂದ ತಾನೇ ಕಳಿಸಿದ ಮೆಸೇಜು. "ಪಾಪ, ಯಾರೋ ಒಳ್ಳೇದಕ್ಕೇ..."

"ಒಳ್ಳೇದಕ್ಕಾ?" ಡ್ರಿಲ್ ಮೇಷ್ಟ್ರು ಗುಡುಗಿದರು. "ಅವನನ್ನ ಬಿಸಿಲಲ್ಲಿ ಮೈದಾನ ಸುತ್ತಿಸ್ಬೇಕು! ಮೊದಲು ಕಳಿಸಿದ ನಂಬರ್ ಯಾರದು ಅಂತ ಹುಡುಕೋಣ, ನಡೀರಿ."

"ಅಯ್ಯೋ, ನಂಬರೆಲ್ಲ ಯಾಕೆ ಮೇಷ್ಟ್ರೇ? ಸುಳ್ಳು ಅಂತ ಗ್ರೂಪಿಗೆ ಹಾಕಿದ್ರೆ ಸಾಕಲ್ವಾ?" ಎಂದ ಗ್ರಂಥಪಾಲಕ.

"ಲೈಬ್ರರಿ ಹೆಸರಲ್ಲೇ ಹಾಕ್ಲಾ?" ಎಂದು ಕೇಳಿದರು ಟೈಲರಮ್ಮ.

"ಹಾಕಿ, ಹಾಕಿ!" ಎಂದ, ಬದುಕಿದೆಯಾ ಬಡಜೀವವೇ ಎಂದುಕೊಂಡು.

ಸಂಜೆ ಮನೆಗೆ ಬಂದವನೇ ಸಂಜೆಯ ಮಾತ್ರೆಯನ್ನೂ ನೀರಿನ ಲೋಟವನ್ನೂ ಅತ್ತೆಯ ಮುಂದೆ ಹಿಡಿದ. ಅತ್ತೆ ನಗುನಗುತ್ತಾ ಅವನ ಕೈಯನ್ನು ಪಕ್ಕಕ್ಕೆ ಸರಿಸಿದರು.

"ಮಾತ್ರೆ ನುಂಗ್ಲೇಬೇಕು ಅಂತ ಬಂದಿತ್ತಲ್ಲ, ಅದು ಸುಳ್ಳಂತೆ ಅಳಿಯಂದ್ರೇ. ನಿಮ್ಮ ಲೈಬ್ರರಿಯೋರೇ ಹಾಕಿದಾರೆ. ಬರೀ ಮೊಬೈಲ್ ನಂಬ್ತೀರಿ ಅಂತ ಬೈತಿದ್ರಲ್ಲ, ನೋಡಿ, ಇವತ್ತಿಂದ ನಾನು ನಿಮ್ಮ ಲೈಬ್ರರಿ ಹೇಳಿದ ಹಾಗೇ ಕೇಳೋದು!"